ಹಿಡಿರಾಗಿಯ ತೂಕ

ಎಮರ್ಜೆನ್ಸಿ ಬಂದ ವರ್ಷದ ಸುಗ್ಗಿಯಲ್ಲಿ ಶೇಂಗಾ ಸಾಹುಕಾರರ ಕಾಟಾ ಎತ್ತಿನ ಗಾಡಿಯಲ್ಲಿ ನನ್ನ ತಕ್ಕಡಿ ರಿಪೇರಿ ಅಂಗಡಿಗೆ ಬಂತು. ಕಾಟಾ ಎಂದರೆ ಮೂಟೆ ತೂಗುವ ಕಬ್ಬಿಣದ ಯಂತ್ರ. ಕೆಳಗೆ ಮೂಟೆ ಇಡುವ ಹಲಗೆ, ಪಕ್ಕದಲ್ಲಿ ಎದೆಮಟ್ಟದ ಕಂಬ, ಕಂಬದ ಮೇಲೊಂದು ಅಡ್ಡದಂಡ, ದಂಡದ ತುದಿಯ ಕೊಕ್ಕೆಗೆ ನೇತುಹಾಕುವ ಬಟ್ಟು. ಅದನ್ನು ಇಳಿಸುವಷ್ಟರಲ್ಲಿ ಸಾಹುಕಾರರ ಹಮಾಲಿಗೂ ನನಗೂ ಸೊಂಟ ಬಿದ್ದುಹೋಯಿತು.

"ಪ್ರತಿ ವರ್ಷ ಸಾವ್ಕಾರ್ರೇ ಸಂಗಡ ಬರ್ತಿದ್ರಲ್ಲೋ?" ಎಂದೆ.

"ಅವ್ರು ದಾವಣಗೆರೆಗೆ ಹೋಗ್ಯಾರೆ. ಮುದ್ರೆ ಕ್ಯಾಂಪ್ ಹತ್ರ ಬಂತಲ್ಲ, ಅದಕ್ಕೆ ನಾನೇ ತಂದೆ. ಕೊಕ್ಕೇಲಿದ್ದ ಬಟ್ಟೂ ತಂದೀನಿ, ಏನೂ ಬಿಟ್ಟಿಲ್ಲ ನೋಡ್ರಿ" ಎಂದು ಹಮಾಲಿ ಹೆಮ್ಮೆಯಿಂದ ಹೇಳಿ ಬೀಡಿ ಹಚ್ಚಿಕೊಂಡು ಹೋದ.

ವರ್ಷಕ್ಕೊಮ್ಮೆ ತೂಕದ ಇನ್ಸ್‌ಪೆಕ್ಟರು ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಹೀಗೆ ಊರೂರಿಗೆ ಬಂದು ಕ್ಯಾಂಪ್ ಹಾಕುತ್ತಿದ್ದರು. ಅಂಗಡಿಯವರು ಅದಕ್ಕೆ ಮೊದಲು ತಮ್ಮ ತಕ್ಕಡಿ, ಬಟ್ಟುಗಳನ್ನು ಲೈಸೆನ್ಸ್ ಇರುವ ನನ್ನಂಥವರಿಂದ ಸರಿಮಾಡಿಸಿಕೊಳ್ಳಬೇಕು. ಇನ್ಸ್‌ಪೆಕ್ಟರು ಪರೀಕ್ಷೆ ಮಾಡಿ ಮುದ್ರೆ ಹೊಡೆಯುತ್ತಾರೆ. ಆ ವರ್ಷವಂತೂ ಎಲ್ಲರಿಗೂ ನಡುಕ. ಹೊಳಲ್ಕೆರೆ ಕ್ಯಾಂಪಿನಲ್ಲಿ ಮುದ್ರೆ ಅಳಿಸಿಹೋಗಿದ್ದ ಒಂದು ಕಿಲೋ ಬಟ್ಟಿಗೆ ಜುಲ್ಮಾನೆ ಬಿದ್ದು ಒಬ್ಬ ಕಿರಾಣಿಯವನು ಅತ್ತದ್ದನ್ನು ಕಣ್ಣಾರೆ ನೋಡಿ ಬಂದಿದ್ದೆ.

ಸಾಹುಕಾರರ ಕಾಟಾ ಎಂದರೆ ನನಗೆ ಬರೀ ಗಿರಾಕಿಯ ಸಾಮಾನಲ್ಲ. ಅವರೂ ನಾನೂ ಒಂದೇ ಚರ್ಚಿನವರು. ಅವರು ಸಭೆಯ ಹಿರಿಯರು, ನಾನು ಹಿಂದಿನ ಬೆಂಚಿನವನು. ನಮ್ಮ ಹೆಂಗಸರದು ಒಂದು ಹಳೆಯ ಪದ್ಧತಿ ಇದೆ. ಹಿಟ್ಟಿಗೆ ರಾಗಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ದೇವರ ಪಾಲೆಂದು ಬೇರೆ ಗಡಿಗೆಯಲ್ಲಿ ಹಾಕುತ್ತಾರೆ. ಅದನ್ನು ಶನಿವಾರ ಮನೆಮನೆಯಿಂದ ಕೂಡಿಸಿ ತರುತ್ತಿದ್ದವಳು ಒಬ್ಬ ವಿಧವೆ. ಎಲ್ಲರೂ ಅವಳನ್ನು ಹಿಡಿರಾಗಿ ಅಕ್ಕ ಎನ್ನುತ್ತಿದ್ದರು. ಚರ್ಚಿನ ಉಗ್ರಾಣದ ಮಗ್ಗುಲಿನ ಒಂದು ಕೋಣೆಯಲ್ಲಿ ಅವಳ ವಾಸ, ಉಗ್ರಾಣದ ಬೀಗದ ಕೈಯೂ ಅವಳ ಸೆರಗಿನಲ್ಲೇ. ವರ್ಷದ ಕೊನೆಗೆ ಸುಗ್ಗಿ ಹಬ್ಬದ ದಿನ ಆ ಮೂಟೆಗಳನ್ನು ಸಾಹುಕಾರರ ಕಾಟಾದಲ್ಲಿ ತೂಗಿ ಅವರಿಗೇ ಮಾರುತ್ತಿದ್ದೆವು. ಪೇಟೆಗಿಂತ ಹೆಚ್ಚಿನ ದರ ಕೊಡುತ್ತಿದ್ದರು. ಸಭೆಯ ಪಾದ್ರಿಯಾದ ಅಯ್ಯನವರು ಅವರನ್ನು ಹೊಗಳಿದ್ದೇ ಹೊಗಳಿದ್ದು.

ಮೊದಲು ನಾವು ರಾಗಿಯನ್ನು ಕೊಳಗದಲ್ಲಿ ಅಳೆದು ಹರಾಜು ಹಾಕುತ್ತಿದ್ದೆವು. ಲೆಕ್ಕ ಚೊಕ್ಕವಾಗಿರಲಿ ಎಂದು ಸಾಹುಕಾರರ ಕಾಟಾ ತರಿಸಿದವರು ಈ ಅಯ್ಯನವರೇ. ಕಾಟಾ ಬಂದ ಮೊದಲ ವರ್ಷ ರಾಗಿ ಎಣಿಸಿದ್ದಕ್ಕಿಂತ ಕಡಿಮೆ ಬಂತು. ಅಯ್ಯನವರು ಪ್ರಸಂಗದ ಪೀಠದಿಂದಲೇ, ನಿಮ್ಮ ಮುಷ್ಟಿ ಬಿಗಿಯಾಗಿದೆ, ದೇವರಿಗೆ ಕೊಡುವಾಗ ಬೆರಳು ಮಡಚಿಕೊಳ್ಳುತ್ತಿದ್ದೀರಿ ಎಂದು ಹೆಂಗಸರನ್ನು ಬೈದರು. ನನ್ನ ಹೆಂಡತಿ ಆ ದಿನ ಮನೆಗೆ ಬಂದು ಮುದ್ದೆ ತಿರುವುವ ಕೋಲನ್ನು ಎಸೆದಳು. ಕೈ ನೋಡ್ರಿ, ಇದರಾಗೆ ಎಷ್ಟು ಹಿಡೀತೈತೆ ಅಂತ ಅಯ್ಯನೋರು ಬಂದು ಅಳೀಲಿ ಎಂದಳು. ಎಲ್ಲ ಮನೆಯಲ್ಲೂ ಇದೇ ಗಲಾಟೆ. ಕೊನೆಗೆ ಅಯ್ಯನವರ ಹೆಂಡತಿ ಅಮ್ಮನವರು ಒಂದು ಉಪಾಯ ಮಾಡಿದರು. ಪ್ರತಿ ಶನಿವಾರ ಬಂದ ರಾಗಿಯನ್ನು ತಾವೇ ಕೈತಕ್ಕಡಿಯಲ್ಲಿ ತೂಗಿ, ಗೋಡೆಗೆ ಸೀಮೆಸುಣ್ಣದಲ್ಲಿ ಬರೆದು, ಆಮೇಲೆ ಉಗ್ರಾಣದ ಮೂಟೆಗೆ ಸುರಿಸತೊಡಗಿದರು.

ಉಪಾಯ ಒಳ್ಳೆಯದೇ. ಆದರೆ ಮುಂದಿನ ಸುಗ್ಗಿ ಹಬ್ಬದಲ್ಲಿ ಗೋಡೆಯ ಮೊತ್ತಕ್ಕಿಂತ ಕಾಟಾದ ಮೊತ್ತ ಇಪ್ಪತ್ತು ಕಿಲೋ ಕಡಿಮೆ ಬಂತು. ಅಮ್ಮನವರು ತೂಗಿದ್ದು ಸುಳ್ಳಲ್ಲ, ಕಾಟಾಕ್ಕೆ ಮುದ್ರೆ ಇದೆ. ಹಾಗಾದರೆ ಉಗ್ರಾಣದಿಂದಲೇ ಹೋಗಿರಬೇಕು, ಬೀಗದ ಕೈ ಯಾರ ಹತ್ತಿರ? ಕಮಿಟಿಯಲ್ಲಿ ಯಾರೂ ಅಕ್ಕನ ಮುಖ ನೋಡಿ ಕಳ್ಳಿ ಅನ್ನಲಿಲ್ಲ. ಈ ವರ್ಷವೂ ಕಡಿಮೆ ಬಂದರೆ ಅವಳು ಕೆಲಸ ಬಿಟ್ಟು ಕೋಣೆ ಖಾಲಿ ಮಾಡಬೇಕು ಎಂದಷ್ಟೇ ತೀರ್ಮಾನವಾಯಿತು. ಕಾಟಾ ಸರಿ ಇದೆಯಾ ಎಂದು ನನ್ನನ್ನೂ ಕೇಳಿದ್ದರು. ನನ್ನ ಕೈಯಿಂದ ಹೋಗುವಾಗ ಸರಿ ಇತ್ತು ಎಂದೆ. ಅದು ನಿಜವೇ. ಸಾಹುಕಾರರು ಆ ದಿನ ತಲೆ ತಗ್ಗಿಸಿ ಕೂತಿದ್ದರು, ಮಾತಾಡಲಿಲ್ಲ.

ಆ ಕಾಟಾ ಈಗ ನನ್ನ ಮುಂದೆ. ಮೊದಲು ಹಲಗೆ ಎತ್ತಿ ಒಳಗಿನ ಧೂಳು, ಶೇಂಗಾ ಸಿಪ್ಪೆ, ಒಂದು ಸತ್ತ ಹಲ್ಲಿ, ಎಲ್ಲ ಗುಡಿಸಿ ತೆಗೆದೆ. ಹಲಗೆಯ ಭಾರ ಹೊರುವ ಸನ್ನೆಗಳು ಕತ್ತಿಯ ಬಾಯಿಯಂಥ ಉಕ್ಕಿನ ಅಂಚುಗಳ ಮೇಲೆ ಕೂತಿರುತ್ತವೆ. ಆ ಅಂಚು ಮೊಂಡಾದರೆ ಕಾಟಾ ಸೋಮಾರಿಯಾಗುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿದೆ, ತುಕ್ಕು ಕೆರೆದೆ, ಮತ್ತೆ ಜೋಡಿಸಿದೆ. ಬರೀ ಹಲಗೆಗೆ ದಂಡ ಸರಿಯಾಗಿ ನಿಂತಿತು. ಆಮೇಲೆ ನನ್ನ ಮಾದರಿ ಬಟ್ಟುಗಳನ್ನು, ಚಿತ್ರದುರ್ಗದಲ್ಲಿ ಪರೀಕ್ಷೆ ಮಾಡಿಸಿ ತಂದವು, ಹಲಗೆಯ ಮೇಲೆ ಪೇರಿಸಿ ಒಂದು ಕ್ವಿಂಟಾಲ್ ಮಾಡಿ, ಕೊಕ್ಕೆಗೆ ಸಾಹುಕಾರರ ಬಟ್ಟು ಹಾಕಿದೆ. ದಂಡ ಏಳಲಿಲ್ಲ. ಇನ್ನೊಂದು ಕಿಲೋ ಹಾಕಿದೆ. ಏಳಲಿಲ್ಲ. ಎರಡನೇ ಕಿಲೋ ಹಾಕಿದಾಗ ಮೆಲ್ಲಗೆ ಎದ್ದು ನಡುವೆ ನಿಂತಿತು.

ನನ್ನ ಜೋಡಣೆಯೇ ತಪ್ಪಿರಬೇಕು ಎಂದುಕೊಂಡೆ. ಮತ್ತೆ ಬಿಚ್ಚಿದೆ. ಹಲಗೆಯ ನಾಲ್ಕು ಮೂಲೆಗೂ ಬೇರೆ ಬೇರೆ ಭಾರ ಇಟ್ಟು ನೋಡಿದೆ, ಎಲ್ಲ ಮೂಲೆಯೂ ಒಂದೇ ಮಾತು ಹೇಳಿತು. ಸನ್ನೆ ಬಾಗಿದೆಯೇ ಎಂದು ದಾರ ಹಿಡಿದು ನೋಡಿದೆ. ಉಕ್ಕಿನ ಅಂಚನ್ನು ಉಗುರಿನಿಂದ ತಡವಿದೆ. ಮಧ್ಯಾಹ್ನದ ಊಟ ತಣ್ಣಗಾಯಿತು, ನನ್ನ ತಲೆ ಬಿಸಿಯಾಯಿತು. ಅಂಗಡಿ ಮುಂದೆ ಹೋಗುತ್ತಿದ್ದವರನ್ನೆಲ್ಲ ಸುಮ್ಮನೆ ಗದರಿಸಿದೆ. ಬಟ್ಟಿನ ಮೇಲೆ ಮಾತ್ರ ನನಗೆ ಅನುಮಾನ ಬರಲೇ ಇಲ್ಲ. ಅದರ ಮೇಲೆ ಮುದ್ರೆ ಇತ್ತು, ಮುದ್ರೆ ಇದ್ದದ್ದನ್ನು ನಂಬುವುದು ನಮ್ಮ ಕಸುಬಿನ ರೂಢಿ.

ಸಂಜೆಯ ಮುಂದೆ ಬೇರೆ ದಾರಿ ಕಾಣದೆ ಆ ಬಟ್ಟನ್ನೇ ಸಣ್ಣ ತಕ್ಕಡಿಗೆ ಹಾಕಿದೆ. ಒಂದು ಕಿಲೋ ಇರಬೇಕಾದ್ದು ಇಪ್ಪತ್ತು ಗ್ರಾಂ ಹೆಚ್ಚಿತ್ತು. ಇಪ್ಪತ್ತು ಗ್ರಾಂ ಎಂದರೆ ನಿಮಗೆ ಏನೂ ಅಲ್ಲ. ಆದರೆ ಕಾಟಾದ ಲೆಕ್ಕ ಒಂದಕ್ಕೆ ನೂರು. ತುದಿಯಲ್ಲಿ ಒಂದು ಕಿಲೋ ತೂಗಿದರೆ ಹಲಗೆಯ ಮೇಲೆ ಕ್ವಿಂಟಾಲ್. ಅಲ್ಲಿ ಇಪ್ಪತ್ತು ಗ್ರಾಂ ಹೆಚ್ಚಿದರೆ, ಇಲ್ಲಿ ರೈತ ಪ್ರತಿ ಕ್ವಿಂಟಾಲಿಗೆ ಎರಡು ಕಿಲೋ ಹೆಚ್ಚು ಸುರಿಯಬೇಕು. ಬಟ್ಟಿನ ತಳವನ್ನು ಮರಳು ಕಾಗದದಿಂದ ಉಜ್ಜಿದೆ. ಕಪ್ಪು ಬಣ್ಣದ ಕೆಳಗೆ ಬೆರಳಿನ ಗಾತ್ರದ ಬೂದು ಬೊಟ್ಟು ಹೊಳೆಯಿತು. ಕಬ್ಬಿಣವನ್ನು ಕೊರೆದು ಅಲ್ಲಿ ಸೀಸ ಹೊಯ್ದಿದ್ದರು. ಸೀಸ ಕಬ್ಬಿಣಕ್ಕಿಂತ ಭಾರ. ಮುದ್ರೆ ಇದ್ದ ಮೇಲ್ಭಾಗಕ್ಕೆ ಒಂದು ಗೀರೂ ಇಲ್ಲ. ಮಾಡಿದವನ ಕೈ ಬಹಳ ಚೊಕ್ಕ, ಅದನ್ನು ಒಪ್ಪಬೇಕು.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಅಕ್ಕ ಕದ್ದಿಲ್ಲ! ಹೋದ ವರ್ಷ ಉಗ್ರಾಣದಲ್ಲಿ ಕ್ವಿಂಟಾಲಿನ ಹತ್ತು ಮೂಟೆ, ಮೂಟೆಗೆ ಎರಡು ಕಿಲೋ, ಆ ಇಪ್ಪತ್ತು ಕಿಲೋ ಇಲ್ಲೇ ಹೋಗಿದೆ. ಅಂಗಡಿ ಬಾಗಿಲು ಹಾಕಿ ಸೀದಾ ಅಯ್ಯನವರ ಮನೆಗೆ ಹೋದೆ.

ಅಯ್ಯನವರು ಎಲ್ಲ ಕೇಳಿದರು. ಮುಖ ಬಿಳಿಚಿಕೊಂಡಿತು. ಆದರೆ ಬಾಯಿಂದ ಬಂದದ್ದು ಬೇರೆ.

"ಹಿರಿಯರ ಮೇಲೆ ದೂರು ತಂದರೆ ಇಬ್ಬರು ಸಾಕ್ಷಿ ಬೇಕಪ್ಪ. ಒಬ್ಬನ ಮಾತು ಕೇಳಿ ಸಭೆ ಮುಂದೆ ನಿಲ್ಲಿಸೋಕೆ ಬರಲ್ಲ. ಅದು ನಮ್ಮ ಕ್ರಮ" ಎಂದರು.

"ಒಂಟಿ ಹೆಂಗಸನ್ನ ಒಬ್ಬ ಸಾಕ್ಷೀನೂ ಇಲ್ದೆ ಕಳ್ಳಿ ಮಾಡ್ಬಹುದಾ ಅಯ್ಯನೋರೇ?" ಎಂದುಬಿಟ್ಟೆ. ನನ್ನ ನಾಲಿಗೆ ಅಷ್ಟೇ, ಹಿಂದೆ ಮುಂದೆ ನೋಡುವುದಿಲ್ಲ.

ಅವರು ಕಿಟಕಿಯಿಂದ ಚರ್ಚಿನ ಕಡೆ ನೋಡಿದರು. ಅವರ ಕಷ್ಟವೂ ನನಗೆ ಗೊತ್ತಿತ್ತು. ಚರ್ಚಿನ ಸುತ್ತ ಕಲ್ಲಿನ ಕಾಂಪೌಂಡು ಏಳುತ್ತಿತ್ತು, ಅದು ಸಾಹುಕಾರರ ಕೊಡುಗೆ. ಪ್ರಾರ್ಥನೆ ಮಾಡ್ತೀನಿ, ನೋಡೋಣ ಎಂದರು. ನಾನು ಕೈ ಮುಗಿದು ಹೊರಗೆ ಬಂದೆ. ಇನ್ಸ್‌ಪೆಕ್ಟರಿಗೆ ಕೊಟ್ಟುಬಿಡಲೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆ ದಿನಗಳಲ್ಲಿ ಯಾರನ್ನು ಯಾವುದಕ್ಕೆ ಜೈಲಿಗೆ ಹಾಕುತ್ತಾರೋ ಹೇಳುವಂತಿರಲಿಲ್ಲ. ಮನುಷ್ಯ ತಪ್ಪು ಮಾಡಿದ್ದಾನೆ ನಿಜ, ಆದರೆ ಅವನ ಮಕ್ಕಳು ನನ್ನ ಮಕ್ಕಳ ಜೊತೆ ಭಾನುವಾರದ ಶಾಲೆಯಲ್ಲಿ ಕೂರುತ್ತವೆ. ಸಿಟ್ಟು ಬಂದರೂ ಕೈ ಬರಲಿಲ್ಲ.

ಮರುದಿನ ಹಮಾಲಿ ಓಡುತ್ತಾ ಬಂದ. ಅವನ ಕೈಯಲ್ಲಿ ಇನ್ನೊಂದು ಬಟ್ಟು.

"ಸಾವ್ಕಾರ್ರು ಊರಿಂದ ಬಂದ್ರು. ಅದು ಹಳೇದಂತೆ, ತಪ್ಪಿ ಬಂದೈತಂತೆ. ಇದನ್ನ ಇಟ್ಕಂಡು ಅದನ್ನ ಕೊಡ್ಬೇಕಂತೆ" ಎಂದ. ಪಾಪ, ಹೆಮ್ಮೆಯೆಲ್ಲ ಇಳಿದುಹೋಗಿತ್ತು. ಬೈಸಿಕೊಂಡು ಬಂದಿದ್ದ.

ಅವನು ತಂದದ್ದನ್ನು ತೂಗಿದೆ. ಸರಿಯಾಗಿ ಒಂದು ಕಿಲೋ. ಪ್ರತಿ ವರ್ಷ ನನ್ನ ಅಂಗಡಿಗೆ ಬರುತ್ತಿದ್ದದ್ದು ಇದು, ವ್ಯಾಪಾರಕ್ಕೆ ನಿಲ್ಲುತ್ತಿದ್ದದ್ದು ಅದು. "ಎರಡೂ ಇಲ್ಲೇ ಇರ್ಲಿ. ಸಾವ್ಕಾರ್ರೇ ಬಂದು ತಗಂಡು ಹೋಗ್ಲಿ" ಎಂದು ಅವನನ್ನು ಬರಿಗೈಯಲ್ಲಿ ಕಳಿಸಿದೆ.

ಸಾಹುಕಾರರು ಬಂದದ್ದು ಶುಕ್ರವಾರ ಮಧ್ಯಾಹ್ನ. ಅಂಗಡಿಗಳೆಲ್ಲ ಊಟಕ್ಕೆ ಬಾಗಿಲು ಎಳೆದಿದ್ದ ಹೊತ್ತು. ನಾನು ಸ್ಟೂಲು ಕೊಟ್ಟು, "ಬರ್ರಿ, ಕುಂತ್ಕಳ್ರಿ" ಎಂದೆ. ಅವರು ಕೂರಲಿಲ್ಲ. ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿದ್ದ ಎರಡು ಬಟ್ಟುಗಳನ್ನು ನೋಡಿದರು.

"ಯಾರಿಗಾದ್ರೂ ಹೇಳಿದೀಯೇನು?"

"ಅಯ್ಯನೋರಿಗೆ ಹೇಳ್ದೆ. ಇಬ್ಬರು ಸಾಕ್ಷಿ ಬೇಕಂತೆ."

ಅವರ ಮುಖದಲ್ಲಿ ಒಂದು ಕ್ಷಣ ಸಮಾಧಾನ ಕಂಡಿತು. ಅದನ್ನು ನೋಡಿ ನನಗೆ ಮೈ ಉರಿಯಿತು. ಆಮೇಲೆ ಅವರು ಕೂತರು.

"ನೋಡಪ್ಪ, ಪ್ಯಾಟೆ ನಿನಗೂ ಗೊತ್ತೈತೆ. ಎಲ್ರೂ ಒಂದಲ್ಲ ಒಂದು ಮಾಡ್ತಾರೆ. ನಾನೊಬ್ಬನೇ ಸಾಚಾ ಇದ್ರೆ ಅಂಗ್ಡಿ ಮುಚ್ಚಬೇಕು. ಸಭೆಗೆ ಅಂತ ನಾನು ಇದನ್ನ ಮಾಡ್ಲಿಲ್ಲ. ಕಾಟಾಕ್ಕೆ ಯಾರ ಮೂಟೆ ಅಂತ ಗೊತ್ತಾಗಲ್ಲಲ್ಲ. ಹಬ್ಬದ ದಿನ ಬಟ್ಟು ಬದ್ಲಾಯ್ಸಿದ್ರೆ ಹಮಾಲಿಗುಳಿಗೆ ಅನುಮಾನ ಬರ್ತಿತ್ತು. ಅದಕ್ಕೇ ದರ ಜಾಸ್ತಿ ಕೊಟ್ಟೆ, ಕಾಂಪೌಂಡ್ ಕಟ್ಟಿಸ್ತಿದೀನಿ. ದೇವ್ರ ಹತ್ರ ನನ್ನ ಲೆಕ್ಕ ಸಮ ಮಾಡ್ಕಂಡೀನಿ."

"ದೇವ್ರ ಹತ್ರ ನಿಮ್ಮ ಕಾಟಾ ನಡಿತೈತಾ ಸಾವ್ಕಾರ್ರೇ?" ಎಂದೆ.

ಅವರಿಗೆ ಸಿಟ್ಟು ಬಂತು. "ಸೀಸ ತೆಗಿ. ಇಲ್ಲ, ಆ ಬಟ್ಟು ಒಡೆದು ಹಾಕು. ಇವತ್ತಿಂದ ಒಳ್ಳೇ ಬಟ್ಟಿನಾಗೇ ತೂಗ್ತೀನಿ, ಸತ್ಯವಾಗಿ ಹೇಳ್ತೀನಿ. ಈ ಸಲ ರಾಗಿ ಕಡಿಮಿ ಬರಲ್ಲ, ಅಕ್ಕನ ಕೋಣೆ ಉಳಿತೈತೆ. ಇನ್ನೇನು ಬೇಕು ನಿನಗೆ?"

ಇದು ನ್ಯಾಯವಾದ ಮಾತಿನಂತೆಯೇ ಕೇಳಿಸಿತು. ಸೀಸ ತೆಗೆಯುವುದು ಅರ್ಧ ಗಂಟೆಯ ಕೆಲಸ. ಆದರೆ ಈ ವರ್ಷ ತೂಕ ಸರಿಹೋದರೆ ಜನ ಏನು ಹೇಳುತ್ತಾರೆ? ಹೋದ ಸಲ ಕದ್ದಳು, ಈ ಸಲ ಹೆದರಿ ಬಿಟ್ಟಳು ಎನ್ನುತ್ತಾರೆ. ಕೋಣೆ ಉಳಿದೀತು, ಹೆಸರು ಉಳಿಯುವುದಿಲ್ಲ. ಇದನ್ನು ಅವರಿಗೆ ಹೇಳಿದೆ. ಅವರು ಟವೆಲಿನಿಂದ ಕತ್ತು ಒರೆಸಿಕೊಂಡರು.

ಆಗ ನಾನು ಮಾಡಿದ್ದು ಪೂರ್ತಿ ಯೋಚಿಸಿ ಮಾಡಿದ್ದಲ್ಲ. ಎರಡೂ ಬಟ್ಟುಗಳನ್ನು ಎತ್ತಿ ಅವರ ಟವೆಲಿನಲ್ಲಿ ಇಟ್ಟೆ.

"ನಾನು ಸೀಸ ತೆಗಿಯಲ್ಲ. ಇನ್ಸ್‌ಪೆಕ್ಟರಿಗೂ ಕೊಡಲ್ಲ. ತಗಂಡು ಹೋಗ್ರಿ. ಅಯ್ಯನೋರು ಇಬ್ಬರು ಸಾಕ್ಷಿ ಕೇಳ್ಯಾರೆ. ಒಬ್ಬ ನಾನು. ಎರಡನೇ ಸಾಕ್ಷಿ ನೀವೇ ಆಗ್ಬೇಕು. ಭಾನುವಾರ ಸುಗ್ಗಿ ಹಬ್ಬಕ್ಕೆ ಕಾಟಾ ಹೊಂದಿಸಿ ಚರ್ಚ್ ಅಂಗಳಕ್ಕೆ ಕಳಿಸ್ತೀನಿ. ಯಾವ ಬಟ್ಟು ತರ್ತೀರೋ ನಿಮ್ಮಿಷ್ಟ."

ಅವರು ಟವೆಲು ಗಂಟು ಕಟ್ಟಿ ಎದ್ದು ಹೋದರು. ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಎರಡು ಹೆಜ್ಜೆ ಹೋಗಿ ತಿರುಗಿ ಬಂದರು.

ಮನೆಯಲ್ಲಿ ಹೇಳಿದ್ದೇ ತಡ ನನ್ನ ಹೆಂಡತಿ ಸೊಂಟಕ್ಕೆ ಕೈ ಇಟ್ಟಳು. "ಕಳ್ಳನ ಕೈಗೇ ಕದ್ದ ಮಾಲು ಕೊಟ್ಟು ಬಂದ್ರಾ? ಇನ್ನು ಏನು ತೋರಿಸ್ತೀರಿ ಸಭೆಗೆ, ನಿಮ್ಮ ಮೀಸೆನಾ?" ಎಂದಳು. ಅವಳು ಹೇಳಿದ್ದು ಸರಿಯೇ. ಆ ಬಟ್ಟನ್ನು ಯಾವುದಾದರೂ ಹಾಳು ಬಾವಿಗೆ ಎಸೆದರೆ ಮುಗಿಯಿತು, ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಶನಿವಾರ ಇಡೀ ದಿನ ನಾನು ಮಾಡಿದ ಕೆಲಸವೆಲ್ಲ ಎರಡೆರಡು ಸಲ ಮಾಡಬೇಕಾಯಿತು. ಸಂಜೆ ಹಿಡಿರಾಗಿ ಅಕ್ಕ ಬುಟ್ಟಿ ಹೊತ್ತು ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಗಡಿಗೆ ಬಗ್ಗಿಸಿ ರಾಗಿ ಸುರಿದಳು. ಅಕ್ಕ ಯಾರ ಮುಖವನ್ನೂ ನೋಡದೆ "ಬರ್ತೀನಮ್ಮ" ಎಂದು ಹೋದಳು. ಅವಳಿಗೆ ಹೇಳಿಬಿಡೋಣವೆಂದು ಬಾಯಿ ತುದಿಗೆ ಬಂದಿತ್ತು. ನಾಳೆ ಸಾಹುಕಾರರು ಕೈಕೊಟ್ಟರೆ ಅವಳನ್ನು ಎರಡು ಸಲ ಸಾಯಿಸಿದ ಹಾಗಾಗುತ್ತದೆ ಎಂದು ನುಂಗಿಕೊಂಡೆ.

ಭಾನುವಾರ ಕಾಟಾವನ್ನು ಚರ್ಚಿನ ಅಂಗಳದ ಹೊಂಗೆ ಮರದಡಿ ಇಳಿಸಿ, ನೆಲ ಸಮ ಮಾಡಿ, ನಾಲ್ಕು ಕಾಲಿಗೂ ಕಲ್ಲು ಕೊಟ್ಟು ನಿಲ್ಲಿಸಿದೆ. ನನ್ನ ಮಾದರಿ ಬಟ್ಟುಗಳನ್ನೂ ತಳ್ಳುಗಾಡಿಯಲ್ಲಿ ತಂದಿದ್ದೆ. ಒಳಗೆ ಆರಾಧನೆ ಶುರುವಾಯಿತು. ಕಟ್ಟೆಯ ಮೇಲೆ ಕುಂಬಳಕಾಯಿ, ಜೋಳದ ತೆನೆ, ಕಾಲು ಕಟ್ಟಿದ ಕೋಳಿಗಳು, ಯಾರೋ ಹರಕೆಗೆ ತಂದ ಕುರಿಮರಿ. ಸಾಹುಕಾರರು ಎಂದಿನಂತೆ ಮೊದಲನೇ ಬೆಂಚಿನಲ್ಲಿದ್ದರು. ಮಡಿಲಲ್ಲಿ ಟವೆಲಿನ ಗಂಟು ಇತ್ತು. ನನಗೆ ಪ್ರಸಂಗದ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಗಂಟಿನಲ್ಲಿ ಬಟ್ಟು ಒಂದಿದೆಯೋ ಎರಡಿದೆಯೋ ಎಂದು ಅದರ ಉಬ್ಬು ನೋಡುವುದೇ ನನ್ನ ಭಕ್ತಿಯಾಯಿತು.

ಆರಾಧನೆ ಮುಗಿದು ಎಲ್ಲರೂ ಅಂಗಳಕ್ಕೆ ಬಂದರು. ಮೊದಲನೇ ಮೂಟೆ ಹಲಗೆಯ ಮೇಲೆ ಬಂತು. ಸಾಹುಕಾರರು ಗಂಟು ಬಿಚ್ಚಿದರು. ಎರಡಿದ್ದವು. ನನ್ನ ಎದೆಯ ಮೇಲಿನ ಕಲ್ಲು ಅರ್ಧ ಸರಿಯಿತು.

ಅವರು ಒಂದನ್ನು ಕೊಕ್ಕೆಗೆ ಹಾಕಿ ಮೂಟೆಯನ್ನು ತಾವೇ ತೂಗಿದರು, ಜೋರಾಗಿ ತೂಕ ಹೇಳಿದರು. ಆಮೇಲೆ ಅದನ್ನು ತೆಗೆದು ಇನ್ನೊಂದನ್ನು ಹಾಕಿ ಅದೇ ಮೂಟೆಯನ್ನು ಮತ್ತೆ ತೂಗಿದರು. ಎರಡು ಕಿಲೋ ಹೆಚ್ಚು ಬಂತು. ಜನಕ್ಕೆ ಅರ್ಥವಾಗಲಿಲ್ಲ. ಯಾರೋ ನಕ್ಕರು.

"ಮೊದ್ಲು ಹಾಕಿದ್ದು ಕಳ್ಳ ಬಟ್ಟು" ಎಂದರು ಸಾಹುಕಾರರು. "ಅದರ ಹೊಟ್ಟೇಲಿ ಸೀಸ ಐತೆ. ಹಾಕ್ಸಿದ್ದು ನಾನು. ಹೋದ ಎರಡು ವರ್ಷ ನಿಮ್ಮ ರಾಗಿ ತೂಗಿದ್ದು ಇದರಾಗೇ. ಅಮ್ಮಗುಳ ಮುಷ್ಟಿ ಬಿಗಿ ಆಗಿರ್ಲಿಲ್ಲ. ಅಕ್ಕ ಒಂದು ಕಾಳೂ ಮುಟ್ಟಿಲ್ಲ. ಕಮಿಟೀಲಿ ನಾನು ಬಾಯಿ ಮುಚ್ಕಂಡು ಕುಂತಿದ್ದೆ. ನಾಳೆ ಇನ್ಸ್‌ಪೆಕ್ಟರ್ ಮುಂದೆ ಇದನ್ನ ನಾನೇ ಇಡ್ತೀನಿ. ಅಯ್ಯನೋರೇ, ಇವನು ಒಬ್ಬ ಸಾಕ್ಷಿ, ನಾನೊಬ್ಬ. ಇಬ್ಬರಾದ್ವಲ್ಲ."

ಅಯ್ಯನವರು ಮೆಟ್ಟಿಲಿಳಿದು ಬಂದರು. ಸಾಹುಕಾರರ ಹತ್ತಿರ ಹೋಗುತ್ತಾರೆ ಎಂದುಕೊಂಡೆವು. ಅವರನ್ನು ದಾಟಿ, ಗೋಡೆಯ ಬದಿ ನಿಂತಿದ್ದ ಅಕ್ಕನ ಮುಂದೆ ಹೋಗಿ ಕೈ ಮುಗಿದರು. ಆಮೇಲೆ ಹೆಂಗಸರ ಕಡೆ ತಿರುಗಿ ಅವರಿಗೂ ಮುಗಿದರು. ನನ್ನ ಹೆಂಡತಿ ಮೂಗು ಒರೆಸಿಕೊಂಡದ್ದನ್ನು ನಾನು ನೋಡಿದೆ, ಅವಳು ಈಗಲೂ ಇಲ್ಲ ಅನ್ನುತ್ತಾಳೆ. ಅಕ್ಕ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಒಳ್ಳೆಯ ಬಟ್ಟಿನಲ್ಲಿ ಎಲ್ಲ ಮೂಟೆ ತೂಗಿದೆವು. ಅಮ್ಮನವರು ಗೋಡೆಯ ಲೆಕ್ಕ ಕೂಡಿಸಿ ಬಂದರು. ಇಬ್ಬರ ಲೆಕ್ಕ ಈಗ ಸಮ ಬರಬೇಕಿತ್ತು. ಬರಲಿಲ್ಲ. ಕಾಟಾದ ಮೊತ್ತವೇ ಇಪ್ಪತ್ತು ಕಿಲೋ ಹೆಚ್ಚು! ಇಷ್ಟೆಲ್ಲ ಮಾಡಿ ಈಗ ನನ್ನ ರಿಪೇರಿಯೇ ಕೆಟ್ಟಿದೆ ಎಂದರೆ ಸಾಹುಕಾರರ ತಪ್ಪೊಪ್ಪಿಗೆಗೆ ಏನು ಅರ್ಥ? ಮಾದರಿ ಬಟ್ಟುಗಳನ್ನು ಹಲಗೆಯ ನಾಲ್ಕು ಮೂಲೆಗೂ ಇಟ್ಟು ಎಲ್ಲರ ಮುಂದೆ ಪರೀಕ್ಷೆ ಮಾಡಿದೆ. ಕಾಟಾ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಮ್ಮನವರ ಕೈತಕ್ಕಡಿ ತರಿಸಿ ನೋಡಿದೆ, ಅದೂ ಸರಿ ಇತ್ತು.

"ಏನಪ್ಪ, ಇಷ್ಟು ದಿನ ನನ್ನ ಕಡೀಗೆ ಸುಳ್ಳು ಹೇಳ್ತಿತ್ತು, ಈಗ ದೇವ್ರ ಕಡೀಗೆ ಹೇಳ್ತೈತಾ?" ಎಂದರು ಸಾಹುಕಾರರು. ಆ ದಿನ ಎಲ್ಲರೂ ನಕ್ಕದ್ದು ಆಗಲೇ. ಕೂಡುವಾಗ ಎಲ್ಲೋ ಒಂದು ವಾರ ಬಿಟ್ಟುಹೋಗಿರಬೇಕು ಎಂದು ಅಮ್ಮನವರು ತಮ್ಮ ಮೇಲೇ ಹಾಕಿಕೊಂಡರು. ನನಗೆ ಮಾತ್ರ ಹಬ್ಬದ ಊಟ ರುಚಿಸಲಿಲ್ಲ. ಕಾರಣ ಸಿಗದ ತೂಕ ನನಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ.

ಸೋಮವಾರ ಕ್ಯಾಂಪಿನಲ್ಲಿ ಸಾಹುಕಾರರು ಹೇಳಿದ ಹಾಗೆಯೇ ಮಾಡಿದರು. ಇನ್ಸ್‌ಪೆಕ್ಟರು ಬಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಕಳ್ಳ ಬಟ್ಟನ್ನು ತಾನಾಗಿಯೇ ತಂದುಕೊಟ್ಟವನನ್ನು ಇದೇ ಮೊದಲು ನೋಡಿದ್ದು ಎಂದರು. ಬಟ್ಟು ಜಪ್ತಿಯಾಯಿತು, ದಂಡ ಬಿತ್ತು, ಜೈಲಿನ ಮಾತು ಬರಲಿಲ್ಲ. ನನ್ನ ಅಂಗಡಿಗೆ ಬಂದು ಸಾಹುಕಾರರು ಒಂದು ಚೊಂಬು ನೀರು ಕುಡಿದರು. "ಈಗ ಹಗುರಾಯ್ತು ಕಣಪ್ಪ. ಆದ್ರೆ ಇನ್ನೂ ಐತೆ. ಶೇಂಗಾ ಕೊಟ್ಟೋರು ಚರ್ಚಿಗೆ ಬರೋರಲ್ಲ, ಅವ್ರಿಗೆ ಯಾರು ಹೇಳ್ತಾರೆ? ನೀನೂ ಬಾ, ಹೋಗಾಣ" ಎಂದರು.

ಮೂಟೆಗಳನ್ನು ಗಾಡಿಗೆ ಹೇರಿಕೊಂಡು ಶ್ರೀರಾಂಪುರದ ಕಡೆ ಹೋದೆವು. ಎಷ್ಟು ಕೊಟ್ಟಿದ್ದೆ ಎಂದು ರೈತ ಹೇಳಿದಷ್ಟಕ್ಕೆ ಲೆಕ್ಕ ಹಾಕಿ ಶೇಂಗಾವನ್ನೇ ವಾಪಸು ಅಳೆದು ಕೊಟ್ಟರು. ಒಂದು ಹಟ್ಟಿಯಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ಕುರಿಗಳ ನಡುವಿನಿಂದ ಎದ್ದು ಬಂದು ಮೂಟೆಯನ್ನೂ ಸಾಹುಕಾರರನ್ನೂ ನೋಡಿದ.

"ಏನಪ್ಪ ಸಾವ್ಕಾರ, ಓಟಿಗೆ ನಿಂತೀಯೇನು? ಈಗ ಓಟೂ ಇಲ್ಲಲ್ಲ. ಎಮರ್ಜೆನ್ಸಿಯೋರು ಹೆದರ್ಸಿದ್ರಾ?"

"ಇಲ್ಲಪ್ಪ. ನಿನ್ನ ಮಾಲು ನಾನು ತಿಂದಿದ್ದೆ, ಅದಕ್ಕೆ ಕೊಡಾಕೆ ಬಂದೆ."

"ತಿಂದೀಯ ಅಂತ ನಮಗೆ ಗೊತ್ತಿತ್ತು" ಎಂದ ಮುದುಕ, ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಾ. "ಕೊಡ್ತೀಯ ಅಂತ ಗೊತ್ತಿರ್ಲಿಲ್ಲ. ಕುಂತ್ಕಳ್ರಿ, ಮಜ್ಜಿಗೆ ಕುಡೀರಿ."

ಮಜ್ಜಿಗೆ ಕುಡಿಯುವಾಗ ಸಾಹುಕಾರರ ಕಣ್ಣಲ್ಲಿ ನೀರು ಬಂತು. ಆ ವರ್ಷ ಅವರ ಅಂಗಡಿಯ ವ್ಯಾಪಾರ ಅರ್ಧಕ್ಕೆ ಇಳಿಯಿತು, ಚರ್ಚಿನ ಕಾಂಪೌಂಡು ಮೊಣಕಾಲುದ್ದಕ್ಕೆ ನಿಂತಿತು. ಮೊಣಕಾಲುದ್ದದ ಗೋಡೆಯನ್ನು ದಾಟಿ ಮೇಕೆಗಳು ಒಳಗೆ ಬರುತ್ತಿದ್ದವು. ಅಯ್ಯನವರು ಅವುಗಳನ್ನು ಹೊಡೆಯುತ್ತಾ ಓಡಾಡುವುದನ್ನು ನೋಡಿ ನಮಗೆಲ್ಲ ಯಾಕೋ ಸಮಾಧಾನ.

ಶ್ರೀರಾಂಪುರದಿಂದ ಬಂದ ಮರುದಿನ ಹಿಡಿರಾಗಿ ಅಕ್ಕ ನನ್ನ ಅಂಗಡಿಗೆ ಬಂದಳು. ಆ ತನಕ ಅವಳು ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ. ಮನಸ್ಸಿಗೆ ನೋವಾಗಿದೆ, ಇರಲಿ ಎಂದು ನಾವೂ ಬಿಟ್ಟಿದ್ದೆವು. ಅವಳು ಹೊಸ್ತಿಲ ಹೊರಗೇ ನಿಂತು, ಒಳಗಿದ್ದ ತಕ್ಕಡಿಗಳನ್ನೆಲ್ಲ ಒಂದು ಸಲ ನೋಡಿದಳು.

"ಹೆಚ್ಚಿಗೆ ಬಂತಲ್ಲಪ್ಪ ಆವತ್ತು, ಅದು ನಿನ್ನ ತಪ್ಪಲ್ಲ. ಅಮ್ಮನೋರದೂ ತಪ್ಪಲ್ಲ" ಎಂದಳು.

"ಮತ್ತೆ?"

"ಹೋದ ವರ್ಷ ಇಪ್ಪತ್ತು ಕಿಲೋ ಕಡಿಮಿ ಬಂತು ಅಂದ್ರಲ್ಲ. ನಾನಂತೂ ಮುಟ್ಟಿರ್ಲಿಲ್ಲ. ಆದ್ರೂ ಇಲಿ ತಿಂತೋ, ನನ್ನ ಕೈಯಾಗೇ ಚೆಲ್ತೋ, ನಂಗೇ ನನ್ನ ಮೇಲೆ ಅನುಮಾನ ಬರಾಕ್ ಹತ್ತಿತ್ತು. ಕೋಣೆ ಹೋದ್ರೆ ಎಲ್ಲಿಗೆ ಹೋಗ್ಲಿ? ಅದಕ್ಕೆ ಅಮ್ಮನೋರು ತೂಗಿ ಹೋದ ಮ್ಯಾಲೆ, ವಾರಕ್ಕೆ ಅರ್ಧ ಸೇರು ನನ್ನ ರಾಗೀನೇ ಮೂಟೆಗೆ ಹಾಕ್ತಿದ್ದೆ."

ಕೂಲಿಗೆ ಹೋಗಿ ತಂದ ರಾಗಿ ಅದು. ವಾರಕ್ಕೆ ಎರಡು ರಾತ್ರಿ ಒಲೆ ಹಚ್ಚುತ್ತಿರಲಿಲ್ಲವಂತೆ. ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ಕಳ್ಳ ಬಟ್ಟಿನಲ್ಲೇ ತೂಗಿದ್ದರೆ ಆ ವರ್ಷ ತೂಕ ಸರಿಯಾಗಿ ಸಮ ಬರುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ಅವಳು ಹಾಗೆಯೇ ಹಾಕುತ್ತಾ ಇರುತ್ತಿದ್ದಳು. ನನಗೆ ಕೈಯಲ್ಲಿದ್ದ ಅರ ಕೆಳಗಿಡಲೂ ತೋಚಲಿಲ್ಲ.

"ಕಾಟಾ ಈಗ ಪಕ್ಕಾ ಸರಿ ಐತಲ್ಲಪ್ಪ?" ಎಂದಳು ಅಕ್ಕ.

"ಪಕ್ಕಾ ಸರಿ ಐತಕ್ಕ."

"ಹಂಗಾರೆ ಇನ್ನು ಮ್ಯಾಲೆ ನನ್ನ ರಾಗಿ ನಾನೇ ಉಣ್ಣಬೌದಲ್ಲ?"